ಬೈಕಿನ ಹಿಂದೆ ಕೂತವರೊಡನೆ ಮಾತು: ಹೆಲ್ಮೆಟ್ ಇಂಟರ್‌ಕಾಂ ಕೊಳ್ಳುವ ಮುನ್ನ

ಸಂಘದ ಕಚೇರಿಗೆ ಬರುವ ಸದಸ್ಯರು ಮೈಲುತುತ್ತದ ದಾಸ್ತಾನು ಬಂತೇ, ಅಡಿಕೆ ಧಾರಣೆ ಏನಾಯಿತು, ಮೆಣಸಿನ ಬಳ್ಳಿ ಸೊರಗಿದರೆ ಏನು ಮಾಡಬೇಕು ಎಂದು ಕೇಳುವುದು ವಾಡಿಕೆ. ಈಚೆಗೆ ಇವುಗಳ ಜೊತೆಗೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ಬೈಕ್ ಓಡಿಸುವವರೂ ಹಿಂದೆ ಕೂತವರೂ ಹೆಲ್ಮೆಟ್ ಹಾಕಿಕೊಂಡೇ ಪರಸ್ಪರ ಮಾತನಾಡುವ ಯಂತ್ರ ಬಂದಿದೆಯಂತೆ, ಅದು ನಿಜವಾಗಿ ಕೆಲಸ ಮಾಡುತ್ತದೆಯೇ, ನಮ್ಮಂಥವರು ಕೊಳ್ಳಬಹುದೇ, ಕೊಂಡರೆ ಯಾವುದು ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಪತ್ರಿಕೆಯಲ್ಲೇ ಬರೆಯುವುದು ಲೇಸೆಂದು ಕಂಡಿತು. ಅದಕ್ಕಾಗಿ ಇಂಥ ಯಂತ್ರ ಇಟ್ಟುಕೊಂಡಿರುವ ಸದಸ್ಯರಿಂದ ಮೂರು ಜೊತೆಗಳನ್ನು ಎರವಲು ಪಡೆದು, ಘಾಟಿಯಲ್ಲೂ ತೋಟದ ಹಾದಿಯಲ್ಲೂ ನಾವೇ ಬಳಸಿ ನೋಡಿ, ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇವೆ.

ಇದೆಲ್ಲ ಪೇಟೆ ಹುಡುಗರ ಶೋಕಿ ಎಂದು ಮೂಗು ಮುರಿಯುವವರು ಉಂಟು. ಹಾಗೆ ತಳ್ಳಿಹಾಕುವ ಮುನ್ನ ನಮ್ಮ ಮಲೆನಾಡಿನ ಮನೆಗಳಲ್ಲಿ ಬೈಕು ಏನೇನು ಕೆಲಸ ಮಾಡುತ್ತಿದೆ ಎಂಬುದನ್ನು ನೆನೆಯಬೇಕು. ಬಸ್ಸು ಬಾರದ ಊರಿನಿಂದ ಮಗಳನ್ನು ಕೈಮರದವರೆಗೆ ಬಿಡುವುದು, ಮನೆಯಾಕೆಯನ್ನು ಸ್ವಸಹಾಯ ಸಂಘದ ಸಭೆಗೆ ಕರೆದೊಯ್ಯುವುದು, ವಯಸ್ಸಾದ ತಾಯಿಯನ್ನು ತಾಲೂಕು ಆಸ್ಪತ್ರೆಗೆ ತೋರಿಸಿ ತರುವುದು, ಇವೆಲ್ಲ ಬೈಕಿನ ಮೇಲೆಯೇ. ನಮ್ಮ ಬೈಕಿನ ಹಿಂದಿನ ಸೀಟು ಖಾಲಿ ಓಡಾಡುವ ದಿನ ಕಡಿಮೆ.

ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ ಕರ್ನಾಟಕದಲ್ಲಿ 2016ರ ಜನವರಿಯಿಂದ ಬಿಗಿಯಾಗಿ ಜಾರಿಗೆ ಬಂತು. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮಿಗೆ 2019ರಲ್ಲಾದ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಬೈಕಿನ ಮೇಲೆ ಹೆಲ್ಮೆಟ್ ಧರಿಸತಕ್ಕದ್ದು. ಇದು ಒಳ್ಳೆಯದೇ ಆಯಿತು, ಎರಡು ಮಾತಿಲ್ಲ. ಆದರೆ ಒಂದು ಸಣ್ಣ ತೊಂದರೆಯೂ ಜೊತೆಗೆ ಬಂತು. ಕಣಿವೆಯ ಆಚೆ ಬದಿಯ ತೋಟದಲ್ಲಿರುವವರನ್ನು ಒಂದೇ ಒಂದು ಕೂ ಹಾಕಿ ಊಟಕ್ಕೆ ಕರೆಯುವ ಗಂಟಲು ನಮ್ಮವರದು. ಆ ಗಂಟಲು ಎರಡು ಹೆಲ್ಮೆಟ್ಟುಗಳನ್ನು ದಾಟಲಾರದು. ಒಂದರೊಳಗಿನ ಮೆತ್ತೆ ಮಾತನ್ನು ಹಿಡಿದುಕೊಳ್ಳುತ್ತದೆ, ಹೊರಬಂದಷ್ಟನ್ನು ಗಾಳಿ ಹಿಂದಕ್ಕೆ ಒಯ್ಯುತ್ತದೆ, ಉಳಿದದ್ದು ಇನ್ನೊಂದರ ಮೆತ್ತೆಗೆ.

"ರೀ, ಸ್ವಲ್ಪ ನಿಲ್ಲಿಸಿ."

"ಏನೂ?"

"ನಿಲ್ಲಿಸೀ ಅಂದೆ!"

"ಸಂತೆಗಾ? ಬರುವಾಗ ಹೋದರಾಯ್ತು ಮಾರಾಯ್ತಿ."

ಅಷ್ಟರಲ್ಲಿ ಕಟ್ಟಿಕೊಂಡಿದ್ದ ಬಾಳೆಗೊನೆ ಹಿಂದೆ ಎರಡು ಫರ್ಲಾಂಗು ದೂರದಲ್ಲಿ ಬಿದ್ದಿರುತ್ತದೆ. ಬಾಳೆಗೊನೆಯಾದರೆ ನಗಬಹುದು. ನಮ್ಮ ಸದಸ್ಯರೊಬ್ಬರು ಎಪ್ಪತ್ತು ದಾಟಿದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ ತಿರುವುಗಳಲ್ಲಿ ಆಕೆಗೆ ತಲೆಸುತ್ತು ಬಂತು. ಆಕೆ ಮಗನ ಬೆನ್ನು ತಟ್ಟಿದರು. ಹೊತ್ತಾಯಿತು, ಬೇಗ ಹೋಗು ಎನ್ನುತ್ತಿದ್ದಾರೆಂದು ಮಗ ವೇಗ ಹೆಚ್ಚಿಸಿದರು. ತಾಯಿಯ ಭಾರ ಪೂರ್ತಿ ತಮ್ಮ ಹೆಗಲ ಮೇಲೆ ಬಿದ್ದಾಗಲೇ ಅವರಿಗೆ ವಿಷಯ ಗೊತ್ತಾದದ್ದು. ಹೇಗೋ ಒಂದು ಕೈ ಹಿಂದಕ್ಕೆ ಕೊಟ್ಟು ತಡೆದು ನಿಲ್ಲಿಸಿದರು. ನಾವು ಎರವಲು ಪಡೆದ ಮೂರು ಜೊತೆಗಳಲ್ಲಿ ಒಂದು ಅವರದೇ.

ಇನ್ನು ಕೇಳಿಸದೆ ತಲೆ ತಿರುಗಿಸುವ ಅಭ್ಯಾಸ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. "ಏನೂ?" ಎಂದು ಎರಡು ಸೆಕೆಂಡು ಹಿಂದಕ್ಕೆ ತಿರುಗಿದರೆ 22 ಮೀಟರ್ ದಾರಿಯನ್ನು ನೋಡದೆ ಸಾಗಿದಂತಾಯಿತು. ಚಾರ್ಮಾಡಿಯಂಥ ಕಡೆ ಒಂದು ತಿರುವಿನಿಂದ ಇನ್ನೊಂದಕ್ಕೆ ಅಷ್ಟೂ ದೂರ ಇರುವುದಿಲ್ಲ ಎನ್ನಿಸುವ ಜಾಗಗಳಿವೆ.

ಕಾಸಿಲ್ಲದ ಉಪಾಯ ಮೊದಲು

ಯಂತ್ರದ ಮಾತಿಗೆ ಹೋಗುವ ಮುನ್ನ ಒಂದು ಬಿಟ್ಟಿ ಉಪಾಯ ಹೇಳಿಬಿಡುತ್ತೇವೆ. ಹೊರಡುವ ಮೊದಲೇ ತಟ್ಟುವ ಸಂಜ್ಞೆಯನ್ನು ಗೊತ್ತುಮಾಡಿಕೊಳ್ಳಿ. ಬಲ ಹೆಗಲಿಗೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ಜಾಗ ನೋಡಿ ನಿಲ್ಲಿಸು, ಅಂಗಿ ಹಿಡಿದೆಳೆದರೆ ಈಗಲೇ ನಿಲ್ಲಿಸು. ಬೇಗ ಹೋಗು ಎಂಬುದಕ್ಕೆ ಸಂಜ್ಞೆಯೇ ಬೇಡ. ಯಂತ್ರ ಕೊಂಡವರೂ ಇದನ್ನು ಬಿಡಬಾರದು, ಏಕೆಂದರೆ ಯಾವ ಯಂತ್ರದ ಬ್ಯಾಟರಿಯೂ ಒಂದು ದಿನ ನಡುದಾರಿಯಲ್ಲಿ ಮುಗಿದೇ ಮುಗಿಯುತ್ತದೆ.

ಎರಡನೆಯ ಮಾತು ಹೆಲ್ಮೆಟ್ಟಿನದು. ಸವಾರನ ತಲೆಗೆ ದುಬಾರಿ ಹೆಲ್ಮೆಟ್, ಹಿಂದೆ ಕೂತ ಹೆಂಗಸಿನ ತಲೆಗೆ ರಸ್ತೆ ಬದಿಯಲ್ಲಿ ಕೊಂಡ ಟೋಪಿಯಂಥದು, ಇದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ದೃಶ್ಯ. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟುಗಳ ಮಾರಾಟವನ್ನು 2021ರ ಜೂನ್ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಹೆಲ್ಮೆಟ್ಟಿನ ಹಿಂಬದಿಯಲ್ಲಿ ಐ.ಎಸ್.ಐ. ಗುರುತಿನ ಜೊತೆ ಐ.ಎಸ್. 4151 ಎಂಬ ಸಂಖ್ಯೆ ಇರಬೇಕು. ಅರ್ಧ ತಲೆಯ ಹೆಲ್ಮೆಟ್ಟಿಗೆ ಇಂಟರ್‌ಕಾಂ ಕೂಡುವುದೂ ಇಲ್ಲ, ಕಿವಿಯ ಮೇಲೆ ಸ್ಪೀಕರ್ ಕೂರಿಸಲು ಅದರಲ್ಲಿ ಜಾಗವೇ ಇರುವುದಿಲ್ಲ. ಆದ್ದರಿಂದ ಹಣ ಒಂದಕ್ಕೇ ಸಾಲುವುದಾದರೆ ಹಿಂದೆ ಕೂರುವವರಿಗೆ ಒಳ್ಳೆಯ ಹೆಲ್ಮೆಟ್ ಕೊಳ್ಳಿ, ಇಂಟರ್‌ಕಾಂ ಮುಂದಿನ ಕೊಯ್ಲಿಗೆ ಇರಲಿ.

ಯಂತ್ರ ಎಂದರೆ ಏನು

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಯೊಂದು ಹೆಲ್ಮೆಟ್ಟಿನ ಎಡ ಹೊರಬದಿಯಲ್ಲಿ ಕೂರುತ್ತದೆ. ಅದರಿಂದ ಹೊರಟ ತಂತಿಗಳ ತುದಿಯಲ್ಲಿ ಎರಡು ಚಪ್ಪಟೆ ಸ್ಪೀಕರುಗಳು, ಒಂದು ಮೈಕು. ಇವು ಹೆಲ್ಮೆಟ್ಟಿನ ಒಳಗೆ ಮೆತ್ತೆಯ ಅಡಿ ಇರುತ್ತವೆ. ಸವಾರನ ಹೆಲ್ಮೆಟ್ಟಿಗೊಂದು, ಹಿಂದೆ ಕೂತವರ ಹೆಲ್ಮೆಟ್ಟಿಗೊಂದು. ಎರಡು ಪೆಟ್ಟಿಗೆಗಳ ನಡುವೆ ತಂತಿಯಿಲ್ಲ, ಬ್ಲೂಟೂತ್ ಎಂಬ ರೇಡಿಯೊ ಅಲೆಯ ಮೂಲಕ ಮಾತು ಹೋಗುತ್ತದೆ. ಎಡಕ್ಕೇ ಕೂರಿಸುವುದಕ್ಕೆ ಕಾರಣವುಂಟು. ಬಲಗೈ ಆಕ್ಸಿಲರೇಟರ್ ಬಿಡುವಂತಿಲ್ಲ.

ಹಾರುವ ಯಂತ್ರದಲ್ಲಿ ಹಿಂದೆ ಮುಂದೆ ಕೂತವರು ಮಾತನಾಡುವ ಸಮಸ್ಯೆ ನೂರು ವರ್ಷಕ್ಕೂ ಹಿಂದಿನದು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಎಂಬಲ್ಲಿನ ವಿಮಾನ ಶಾಲೆಯಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ, ಡಾಕ್ಟರರ ಸ್ಟೆತಾಸ್ಕೋಪಿನಂಥ ಒಂದು ಕೊಳವೆಯನ್ನು ಬಳಕೆಗೆ ತಂದ. ಗುರು ಒಂದು ತುದಿಯಲ್ಲಿ ಮಾತನಾಡಿದರೆ ಶಿಷ್ಯನ ಕಿವಿಗೆ ಕೇಳುತ್ತಿತ್ತು. ವಿದ್ಯುತ್ತೂ ಇಲ್ಲ, ಬ್ಯಾಟರಿಯೂ ಇಲ್ಲ. ಆಮೇಲೆ ಮೋಟಾರ್ ಸೈಕಲ್ಲುಗಳಿಗೆ ತಂತಿಯ ಇಂಟರ್‌ಕಾಂ ಬಂತು. ಅದು ಈಗಲೂ ಅಗ್ಗವಾಗಿ ಸಿಗುತ್ತದೆ, ಜೋಡಿಸುವ ಗೋಜಿಲ್ಲ, ಮಾತೂ ಸ್ವಚ್ಛ. ಆದರೂ ಸೀರೆಯುಟ್ಟು ಒಂದು ಬದಿಗೆ ಕೂರುವವರಿಗೆ ನಾವು ಅದನ್ನು ಹೇಳುವುದಿಲ್ಲ. ಸೆರಗು ಸಿಕ್ಕುವುದೇ ಸಾಕು, ಅದರ ಜೊತೆ ಇನ್ನೊಂದು ತಂತಿ ಬೇಡ. ಇಳಿಯುವಾಗ ತಂತಿ ಕಿತ್ತಿಟ್ಟುಕೊಳ್ಳುವುದನ್ನು ಮರೆತರೆ ಇಬ್ಬರ ಕುತ್ತಿಗೆಯೂ ಎಳೆಯುತ್ತದೆ. (ಬ್ಲೂಟೂತ್ ಎಂಬ ವಿಚಿತ್ರ ಹೆಸರು ಹತ್ತನೇ ಶತಮಾನದ ಹೆರಾಲ್ಡ್ ಎಂಬ ಡೆನ್ಮಾರ್ಕಿನ ರಾಜನ ಅಡ್ಡಹೆಸರು. ಆತನ ಹಲ್ಲಿಗೂ ನಮ್ಮ ಹೆಲ್ಮೆಟ್ಟಿಗೂ ಬೇರೆ ಸಂಬಂಧವಿಲ್ಲ.)

ನಮ್ಮ ಕಡೆಯವರಿಗೆ ಮುಖ್ಯವಾದ ಸಂಗತಿಯೆಂದರೆ, ಈ ಯಂತ್ರಗಳು ಒಂದರೊಡನೊಂದು ಮಾತನಾಡಲು ಮೊಬೈಲ್ ಟವರು ಬೇಕಿಲ್ಲ. ಘಾಟಿಯ ನಡುವೆ ಸಿಗ್ನಲ್ ಒಂದು ಕಡ್ಡಿಯೂ ಇಲ್ಲದಾಗಲೂ ಮಾತು ನಿಲ್ಲುವುದಿಲ್ಲ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗೆ ಬಳಕೆದಾರ ಲೈಸೆನ್ಸ್ ಪಡೆಯಬೇಕಾಗಿಯೂ ಇಲ್ಲ. ಕೆಲವು ಯುವಕರು, ಯಂತ್ರವೇಕೆ, ಇಬ್ಬರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಫೋನ್ ಮಾಡಿಕೊಂಡರಾಯಿತು ಎನ್ನುತ್ತಾರೆ. ಪೇಟೆಯಲ್ಲಾದರೆ ನಡೆದೀತು. ಟವರು ತಪ್ಪಿದ ಮೊದಲ ತಿರುವಿನಲ್ಲೇ ಅದು ಕೈಕೊಡುತ್ತದೆ. ಮಾತು ಹೆಚ್ಚು ಅಗತ್ಯವಾಗುವುದೂ ಅಂಥ ತಿರುವಿನಲ್ಲೇ. ಮೇಲಾಗಿ ಕಿವಿಯ ತೂತಿಗೆ ಬಿರಡೆಯಂತೆ ಕೂರುವ ಇಯರ್‌ಫೋನು ಹೊರಗಿನ ಹಾರನ್ನನ್ನೂ ತಡೆಯುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ

"ಬ್ಲೂಟೂತ್ ಹೆಲ್ಮೆಟ್" ಎಂದು ಪೆಟ್ಟಿಗೆಯ ಮೇಲೆ ಬರೆದದ್ದೆಲ್ಲ ಇಂಟರ್‌ಕಾಂ ಅಲ್ಲ. ಎಷ್ಟೋ ಯಂತ್ರಗಳು ಫೋನಿನ ಹಾಡು ಕೇಳಿಸಲು, ಕರೆ ಸ್ವೀಕರಿಸಲು ಮಾತ್ರ. ಹಿಂದೆ ಕೂತವರ ಯಂತ್ರದೊಡನೆ ಅವು ಮಾತಾಡವು. ನಮ್ಮ ಸದಸ್ಯರೊಬ್ಬರಿಗೆ ಜಿಲ್ಲಾ ಕೇಂದ್ರದ ಅಂಗಡಿಯೊಂದರಲ್ಲಿ ಇಂಥ ಎರಡನ್ನು "ಜೊತೆ" ಎಂದು ಹೇಳಿ ಮಾರಿದರು. ಮನೆಗೆ ತಂದ ಮೇಲೆ ಇಬ್ಬರೂ ಬೇರೆ ಬೇರೆ ಹಾಡು ಕೇಳುವುದಕ್ಕಷ್ಟೇ ಅವು ಒದಗಿದವು. ಆದ್ದರಿಂದ ಹೀಗೆ ಕೇಳಿ: "ಎರಡೂ ಫೋನುಗಳನ್ನು ಆಫ್ ಮಾಡಿಟ್ಟರೆ ಈ ಎರಡು ಯಂತ್ರಗಳು ಒಂದಕ್ಕೊಂದು ಮಾತನಾಡುತ್ತವೆಯೇ? ಮಾಡಿ ತೋರಿಸಿ." ಬಾಯಿಮಾತಿನ ಹೌದು ಸಾಲದು. ಹಾಗೆಯೇ ಒಂದೇ ಸಮಯದಲ್ಲಿ ಇಬ್ಬರೂ ಮಾತನಾಡಬಹುದೇ, ಅಥವಾ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕೇ ಎಂದೂ ನೋಡಿ. "ಅಯ್ಯೋ ಹಳ್ಳ!" ಎನ್ನುವವರು ಸರದಿಗಾಗಿ ಕಾಯಲಾರರು.

ಬೆಲೆ ಹೇಳುವಾಗ ಒಂದಕ್ಕೋ ಎರಡಕ್ಕೋ ಎಂಬುದನ್ನು ಬಿಡಿಸಿ ಕೇಳತಕ್ಕದ್ದು. ಎಷ್ಟೋ ಕಡೆ ಒಂದರ ಬೆಲೆಯನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಮಾರುಕಟ್ಟೆಯಲ್ಲಿ ಒಂದಕ್ಕೆ ಎರಡು-ಮೂರು ಸಾವಿರ ರೂಪಾಯಿಯ ಚೀನಾ ಯಂತ್ರದಿಂದ ಹಿಡಿದು ಮೂವತ್ತು ಸಾವಿರ ಮೀರಿದ ಸೇನಾ, ಕಾರ್ಡೊ ಕಂಪನಿಗಳ ಮೇಲ್ತರಗತಿಯವರೆಗೆ ಇವೆ. ನಮ್ಮ ಬೆಂಗಳೂರಿನದೇ ಆದ ಬ್ಲೂಆರ್ಮರ್ ಎಂಬ ಕಂಪನಿಯೂ ಇದೆ. ಅವರು ಮೊದಲು ತಯಾರಿಸುತ್ತಿದ್ದುದು ಹೆಲ್ಮೆಟ್ಟಿನೊಳಗೆ ತಂಪುಗಾಳಿ ಊದುವ ಯಂತ್ರ, ಆಮೇಲೆ ಇಂಟರ್‌ಕಾಂಗೆ ಕೈಹಾಕಿದರು. ಇಂಥದನ್ನೇ ಕೊಳ್ಳಿ ಎಂದು ಹೆಸರು ಹೇಳುವುದು ಈ ಪತ್ರಿಕೆಯ ಕ್ರಮವಲ್ಲ. ದುರಸ್ತಿಗೆ ಕಳಿಸಲು ದೇಶದೊಳಗೇ ವಿಳಾಸ ಇರುವ ಕಂಪನಿಯದನ್ನು ಕೊಳ್ಳಿ ಎಂದಷ್ಟೇ ಹೇಳುತ್ತೇವೆ.

ಬೆಲೆ ಏರುವುದು ಮುಖ್ಯವಾಗಿ ಎರಡು ಕಾರಣಕ್ಕೆ: ದೂರ ಮತ್ತು ಗುಂಪು. ಒಂದು ಕಿಲೋಮೀಟರ್ ದೂರ ಕೇಳುತ್ತದೆ, ಹತ್ತಾರು ಬೈಕುಗಳು ಒಟ್ಟಿಗೆ ಮಾತನಾಡಬಹುದು ಎಂದೆಲ್ಲ ಜಾಹೀರಾತು ಹೇಳುತ್ತದೆ. ಈ ಗುಂಪಿನ ಏರ್ಪಾಟಿಗೆ ಮೆಶ್ ಎಂದು ಹೆಸರು. ಲಡಾಖಿಗೆ ದಂಡು ಕಟ್ಟಿಕೊಂಡು ಹೋಗುವವರಿಗೆ ಅದು ಬೇಕು. ನಮ್ಮ ಹಿಂದೆ ಕೂತವರು ಒಂದು ಮೊಳ ದೂರದಲ್ಲಿದ್ದಾರೆ. ಮೊಳ ದೂರದ ಮಾತಿಗೆ ಮೈಲಿ ದೂರದ ಯಂತ್ರಕ್ಕೆ ಹಣ ಸುರಿಯುವುದು ಹತ್ತು ಗುಂಟೆ ತೋಟಕ್ಕೆ ಹತ್ತು ಅಶ್ವಶಕ್ತಿಯ ಪಂಪು ಹಾಕಿದಂತೆ. ಆ ಹಣವನ್ನು ಒಳ್ಳೆಯ ಮೈಕು, ಮಳೆ ತಡೆಯುವ ಪೆಟ್ಟಿಗೆ ಇವುಗಳ ಮೇಲೆ ಹಾಕಿದರೆ ಸಾರ್ಥಕ.

ಎರಡೂ ಒಂದೇ ಕಂಪನಿಯ ಒಂದೇ ಮಾದರಿ ಆಗಿರಲಿ. ಬೇರೆ ಬೇರೆ ಕಂಪನಿಗಳವನ್ನೂ ಜೋಡಿಸಬಹುದು ಎಂದು ಹೇಳುತ್ತಾರೆ, ಸಾಮಾನ್ಯವಾಗಿ ಆಗುತ್ತದೆ ಕೂಡ. ಆದರೆ ಆಗ ಒಂದು ಯಂತ್ರವು ಇನ್ನೊಂದನ್ನು ಫೋನು ಎಂದು ತಿಳಿದು ಮಾತನಾಡಿಸುತ್ತಿರುತ್ತದೆ. ಧ್ವನಿಯ ಗುಣ ಕೆಡುತ್ತದೆ, ಪ್ರತಿ ಸಲವೂ ಹೊಸದಾಗಿ ಜೋಡಿಸುವ ಕಷ್ಟವೂ ಬರಬಹುದು.

ಮೈಕು, ಸ್ಪೀಕರು, ಗಾಳಿ

ಇಡೀ ವ್ಯವಹಾರದ ಜೀವಾಳ ಇಲ್ಲಿದೆ. ಯಂತ್ರ ಸರಿಯಿಲ್ಲ ಎಂದು ನಮ್ಮ ಬಳಿ ದೂರಿದವರ ಹೆಲ್ಮೆಟ್ಟುಗಳನ್ನು ಬಿಚ್ಚಿ ನೋಡಿದಾಗ ಹೆಚ್ಚಿನವು ಕೂರಿಸಿದ್ದೇ ಸರಿಯಿರಲಿಲ್ಲ.

ಮೈಕಿನಲ್ಲಿ ಎರಡು ಬಗೆ. ಗದ್ದದವರೆಗೂ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿಗೆ ಅಂಗಿಯ ಗುಂಡಿಯಷ್ಟಿರುವ, ತಂತಿಯ ತುದಿಯ ಮೈಕು. ಅದನ್ನು ಗದ್ದದ ಒಳಭಾಗದಲ್ಲಿ ಬಾಯಿಗೆ ನೇರವಾಗಿ ಅಂಟಿಸಬೇಕು. ಮುಖ ತೆರೆದಿರುವ ಹೆಲ್ಮೆಟ್ಟಿಗೆ, ಹಾಗೂ ಗದ್ದದ ಭಾಗ ಮೇಲಕ್ಕೆ ಮಡಚುವ ಹೆಲ್ಮೆಟ್ಟಿಗೆ, ಬಾಗುವ ಕಡ್ಡಿಯ ತುದಿಯ ಮೈಕು. ಇದು ತುಟಿಯ ಅಂಚಿಗೆ, ಹೆಚ್ಚೆಂದರೆ ಒಂದು ಬೆರಳಿನ ಅಂತರದಲ್ಲಿರಬೇಕು. ಕೆಲವು ಕಡ್ಡಿ ಮೈಕುಗಳಿಗೆ ಬಾಯಿಯ ಕಡೆ, ಹೊರಗಿನ ಕಡೆ ಎಂಬ ಭೇದವುಂಟು, ಗುರುತು ನೋಡಿ ಕೂರಿಸಬೇಕು. ಮೈಕಿನ ಮೇಲಿನ ಸ್ಪಂಜಿನ ಟೋಪಿ ಅಲಂಕಾರಕ್ಕಲ್ಲ, ಗಾಳಿಯ ಬಡಿತವನ್ನು ತಡೆಯುವುದಕ್ಕೆ. ಅದು ಕಳೆದರೆ ಹಿಂದಿನಿಂದ ಬರುವುದು ಮಾತಲ್ಲ, ಭತ್ತ ತೂರಿದ ಸದ್ದು.

ಸ್ಪೀಕರು ಕಿವಿಯ ತೂತಿಗೆ ನೇರವಾಗಿ ಇರಬೇಕು. ಅರ್ಧ ಅಂಗುಲ ಆಚೀಚೆಯಾದರೂ ಧ್ವನಿ ಅರೆಬರೆಯಾಗುತ್ತದೆ. ಆಗ ಜನ ವಾಲ್ಯೂಮ್ ಏರಿಸುತ್ತಾರೆ, ಕಿವಿ ಗುಂಯ್‌ಗುಡುತ್ತದೆ, ಯಂತ್ರವನ್ನು ಬೈಯುತ್ತಾರೆ. ಮೊದಲು ಹೆಲ್ಮೆಟ್ ಹಾಕಿಕೊಂಡು ಕಿವಿ ಎಲ್ಲಿ ಬರುತ್ತದೆಂದು ಬೆರಳಿನಿಂದ ಗೊತ್ತುಮಾಡಿ, ಅಲ್ಲಿ ಸುಣ್ಣದ ಗುರುತು ಹಾಕಿ, ಆಮೇಲೆ ಅಂಟಿಸಿ. ಕೆಲವು ಹೆಲ್ಮೆಟ್ಟುಗಳಲ್ಲಿ ಇದಕ್ಕೆಂದೇ ಗುಳಿ ಬಿಟ್ಟಿರುತ್ತಾರೆ. ಇಲ್ಲದಿದ್ದರೆ ಸ್ಪೀಕರು ಕಿವಿಯನ್ನು ಒತ್ತಿ ಅರ್ಧ ಗಂಟೆಯಲ್ಲಿ ನೋವಾಗುತ್ತದೆ. ಹಾಗೆಂದು ಚಾಕು ತೆಗೆದುಕೊಂಡು ಒಳಗಿನ ಥರ್ಮಾಕೋಲನ್ನು ಕೆತ್ತಕೂಡದು, ಹೊರಚಿಪ್ಪಿಗೆ ತೂತು ಕೊರೆಯಕೂಡದು. ಬಿದ್ದಾಗ ಏಟನ್ನು ತಾನು ಅಪ್ಪಚ್ಚಿಯಾಗಿ ತೆಗೆದುಕೊಳ್ಳುವುದು ಆ ಥರ್ಮಾಕೋಲೇ. ಕಿವಿಯ ಹಿಂದೆ ಶ್ರವಣ ಯಂತ್ರ ಇಟ್ಟುಕೊಳ್ಳುವ ಹಿರಿಯರಿಗೆ ಸ್ಪೀಕರು ತೀರ ಹತ್ತಿರವಾದರೆ ಕೀಂಯ್ ಎಂಬ ಸದ್ದು ಬರುತ್ತದೆ, ಅವರಿಗೆ ಕೊಳ್ಳುವ ಮೊದಲು ಹಾಕಿ ನೋಡಿಯೇ ತೀರ್ಮಾನಿಸಬೇಕು.

ವೇಗದ ವಿಷಯ. ತೋಟದ ಹಾದಿಯಲ್ಲಿ 30-40 ಕಿ.ಮೀ. ವೇಗದಲ್ಲಿ ಅಡ್ಡಿಯಾಗುವುದು ಎಂಜಿನ್ನಿನ ಸದ್ದು, ಹಳ್ಳಕ್ಕೆ ಇಳಿದಾಗಿನ ದಡಬಡ. ಸಾಧಾರಣ ಯಂತ್ರವೂ ಇದನ್ನು ನಿಭಾಯಿಸುತ್ತದೆ. ಹೆದ್ದಾರಿಗೆ ಬಂದು ವೇಗ ಏರಿದಂತೆ ಗಾಳಿಯ ಸದ್ದೇ ಎಲ್ಲವನ್ನೂ ಮೀರುತ್ತದೆ, ಹೆಲ್ಮೆಟ್ಟಿನೊಳಗೆ 90 ಡೆಸಿಬೆಲ್ ದಾಟುವುದು ಅಪರೂಪವಲ್ಲ. ಎಂಟು ಗಂಟೆಗಳ ಕಾಲ ಕಿವಿ ಸಹಿಸಬಹುದಾದದ್ದು 85 ಡೆಸಿಬೆಲ್ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ, 94 ಆದರೆ ಒಂದೇ ಗಂಟೆ. ಇದರ ಮೇಲೆ ಸ್ಪೀಕರಿನ ಸದ್ದನ್ನೂ ಏರಿಸಿದರೆ ಕಿವಿಗೆ ಹಾನಿ. ಮಾತು ಕೇಳಿಸದಿದ್ದರೆ ವಾಲ್ಯೂಮಿಗಿಂತ ಮೊದಲು ವೇಗವನ್ನು ಇಳಿಸಿ. ನಾವು ನೋಡಿದ ಮೂರರಲ್ಲಿ ಅತ್ಯಂತ ಅಗ್ಗದ್ದು 50 ಕಿ.ಮೀ. ವೇಗದವರೆಗೆ ಚೆನ್ನಾಗಿತ್ತು. ಅಲ್ಲಿಂದಾಚೆಗೆ ಮೂರು ಮಾತಿನಲ್ಲಿ ಒಂದು ಗಾಳಿಪಾಲು. ಘಾಟಿಗೂ ತೋಟಕ್ಕೂ ಅಷ್ಟು ಸಾಕು, ವಾರಕ್ಕೆರಡು ಸಲ ಮಂಗಳೂರಿಗೋ ಹಾಸನಕ್ಕೋ ಹೋಗುವವರಿಗೆ ಸಾಲದು.

ಅಂಗಡಿಯೊಳಗೆ ಎಲ್ಲ ಯಂತ್ರವೂ ಚೆನ್ನಾಗಿ ಕೇಳುತ್ತದೆ. ಆದ್ದರಿಂದ ಕೊಳ್ಳುವಾಗ ಮನೆಯವರನ್ನೂ, ಎರಡೂ ಹೆಲ್ಮೆಟ್ಟುಗಳನ್ನೂ ಜೊತೆಗೆ ಒಯ್ಯಿರಿ. ಕೂರಿಸಿಕೊಂಡು ಪೇಟೆಯ ಹೊರಗೆ ನಾಲ್ಕು ಫರ್ಲಾಂಗು ಹೋಗಿ ಬನ್ನಿ. ಹಿಂದೆ ಕೂತವರು ಸಾಧಾರಣ ದನಿಯಲ್ಲಿ ಹತ್ತು ಊರ ಹೆಸರು ಹೇಳಲಿ, ಮುಂದಿನವರು ತಿರುಗಿ ಹೇಳಲಿ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಬೇರೆ ಅಂಗಡಿ ಇದೆ.

ಮಳೆಗಾಲ

ಪೇಟೆಯವರು ಬರೆದ ವಿಮರ್ಶೆಗಳಲ್ಲಿ ಮಳೆಯ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನವರಿಗೆ ಅದು ಸಾಲದು. ಯಂತ್ರದ ಪೆಟ್ಟಿಗೆಯ ಮೇಲೆ ಐ.ಪಿ. ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 4 ಆದರೆ ಎಲ್ಲ ಕಡೆಯಿಂದ ಸಿಡಿಯುವ ಹನಿ ತಡೆಯುತ್ತದೆ, 5 ಆದರೆ ಕೊಳವೆಯಿಂದ ಚಿಮ್ಮುವ ನೀರು, 7 ಆದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಅಂಕಿಯ ಬದಲು ಎಕ್ಸ್ ಅಕ್ಷರವಿದ್ದರೆ ಆ ಪರೀಕ್ಷೆಯ ಅಂಕಿ ಕೊಟ್ಟಿಲ್ಲವೆಂದು ಅರ್ಥ. ಐ.ಪಿ. 67 ಸಿಕ್ಕಿದರೆ ನಮ್ಮ ಆರಿದ್ರಾ, ಪುನರ್ವಸುಗಳಿಗೆ ನಿಶ್ಚಿಂತೆ. 5ಕ್ಕಿಂತ ಕಡಿಮೆಯದನ್ನು ಮಲೆನಾಡಿನವರು ಕೊಳ್ಳದಿರುವುದೇ ಒಳಿತು. ನೆನಪಿಡಬೇಕಾದದ್ದು, ಈ ಅಂಕಿಗಳೆಲ್ಲ ಚಾರ್ಜ್ ಮಾಡುವ ತೂತಿನ ರಬ್ಬರು ಮುಚ್ಚಳ ಭದ್ರವಾಗಿದ್ದಾಗ ಮಾತ್ರ. ಮುಚ್ಚಳ ಹರಿದ ಯಂತ್ರಕ್ಕೆ ಗೊರಬು ಹೊದಿಸಿದರೂ ಪ್ರಯೋಜನವಿಲ್ಲ.

ಸ್ಪಂಜು ಒದ್ದೆಯಾದರೆ ಮಾತು ಮಂಕಾಗುತ್ತದೆ, ಹಿಂಡಿ ಒಣಗಿಸಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನೊಳಗೆ ಮಾತನಾಡುತ್ತಾ ಹೋದರೆ ಉಸಿರಿನ ಹಬೆ ಕಟ್ಟಿ ಗಾಜು ಮಬ್ಬಾಗುತ್ತದೆ. ಮಳೆಯಲ್ಲಿ ಸವಾರ ಕಡಿಮೆ ಮಾತನಾಡಲಿ, ಗದ್ದದ ಗಾಳಿಕಿಂಡಿ ತೆರೆದಿರಲಿ.

ಒದ್ದೆ ಹೆಲ್ಮೆಟ್ಟನ್ನು ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಯಂತ್ರ ಕೂರಿಸಿದ ಮೇಲೆ ಇದನ್ನು ಬಿಡತಕ್ಕದ್ದು. ಒಳಗಿರುವುದು ಲಿಥಿಯಂ ಬ್ಯಾಟರಿ, ಬಿಸಿ ಅದಕ್ಕೆ ಶತ್ರು. ಬೇಸಿಗೆಯಲ್ಲಿ ಕಾಫಿ ಕಣದ ಮೂಲೆಯಲ್ಲಿ ಬಿಸಿಲಿಗೆ ಬಿಡುವುದೂ ಅಷ್ಟೇ ಕೆಟ್ಟದ್ದು. ಪೆಟ್ಟಿಗೆಯನ್ನು ಹೆಲ್ಮೆಟ್ಟಿನಿಂದ ಕಳಚಿ ಒಳಗಿಟ್ಟು, ಹೆಲ್ಮೆಟ್ಟನ್ನು ಬೇಕಾದಲ್ಲಿ ಒಣಗಿಸಿ. ಸುಲಭವಾಗಿ ಕಳಚಲು ಬರುವ ಮಾದರಿಗೆ ಇದೊಂದು ಹೆಚ್ಚಿನ ಅಂಕ. ಬೋರ್ಡೊ ದ್ರಾವಣ ಸಿಂಪಡಿಸಿದ ಕೈಯಲ್ಲಿ ಗುಂಡಿ ಒತ್ತಬೇಡಿ, ಮೈಲುತುತ್ತದ ಚೀಲವಿರುವ ಕೋಣೆಯಲ್ಲಿ ಇಡಬೇಡಿ. ಚಾರ್ಜಿನ ತೂತಿನ ಲೋಹವನ್ನು ಅದು ತಿನ್ನುತ್ತದೆ, ಸ್ಪ್ರೇಯರಿನ ನೋಜಲುಗಳ ಗತಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಪೂರ್ತಿ ಖಾಲಿಯಾಗಿ ಬಿಡಬೇಡಿ.

ಫೋನು, ಆನೆ, ಹರಟೆ

ಈ ಯಂತ್ರಗಳು ಫೋನಿಗೂ ಜೋಡಣೆಯಾಗುತ್ತವೆ. ಕರೆ ಬಂದರೆ ತಾನಾಗಿ ಸ್ವೀಕರಿಸುವ ಏರ್ಪಾಟು ಕೆಲವದರಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿಡಿ. ಹಿಂದೆ ಕೂತವರೊಡನೆ ಮಾತಾಡುವುದಕ್ಕೂ ಫೋನಿನಲ್ಲಿ ಮಾತಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಹಿಂದೆ ಕೂತವರಿಗೆ ರಸ್ತೆ ಕಾಣುತ್ತದೆ, ತಿರುವು ಬಂದಾಗ ಅವರೇ ಸುಮ್ಮನಾಗುತ್ತಾರೆ, ಎದುರಿಗೆ ಬಸ್ಸು ಕಂಡರೆ ಎಚ್ಚರಿಸುತ್ತಾರೆ. ಫೋನಿನ ಆಚೆಯ ವ್ಯಾಪಾರಿಗೆ ನೀವು ಯಾವ ತಿರುವಿನಲ್ಲಿದ್ದೀರಿ ಎಂಬುದು ಗೊತ್ತಿಲ್ಲ, ಅವನು ಧಾರಣೆ ಕೇಳುತ್ತಲೇ ಇರುತ್ತಾನೆ. ಫೋನನ್ನು ಕೈಯಲ್ಲಿ ಹಿಡಿದು ಓಡಿಸುವುದಂತೂ 184ನೇ ಕಲಮಿನಡಿ ಅಪಾಯಕಾರಿ ಚಾಲನೆಯ ಅಪರಾಧ. ನಮ್ಮ ಸಲಹೆ, ಫೋನಿದ್ದರೆ ಹಿಂದೆ ಕೂತವರ ಕೈಯಲ್ಲಿರಲಿ, ಜೋಡಣೆಯೂ ಅವರ ಯಂತ್ರಕ್ಕೇ ಇರಲಿ.

ಇದರಿಂದ ಇನ್ನೊಂದು ಉಪಯೋಗವೂ ಉಂಟು. ಸಕಲೇಶಪುರ, ಆಲೂರು ಭಾಗದ ಸದಸ್ಯರಿಗೆ ಆನೆಗಳು ಎಲ್ಲಿವೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಸವಾರ ಅದನ್ನು ಓದಲಾರ. ಹಿಂದೆ ಕೂತ ಮಗಳು ಓದಿ, "ಅಪ್ಪಾ, ಕೆಳಗಿನ ಕೆರೆ ಹತ್ತಿರ ಇದ್ಯಂತೆ, ಆಚೆ ದಾರಿಯಲ್ಲಿ ಹೋಗೋಣ" ಎಂದರೆ ಕೂಗಾಟವಿಲ್ಲದೆ ತಿರುಗಿ ಹೋಗಬಹುದು. ಆದರೆ ಆನೆಯಿರುವ ಹಾದಿಯಲ್ಲಿ ಸವಾರನ ಕಿವಿಗೆ ಬಿದಿರು ಮುರಿಯುವ ಸದ್ದೂ ಕೇಳಬೇಕು. ಅಲ್ಲಿ ಹಾಡು, ರೇಡಿಯೊ ಎರಡನ್ನೂ ಹಾಕಬೇಡಿ, ವಾಲ್ಯೂಮ್ ಕನಿಷ್ಠಕ್ಕೆ ಇಳಿಸಿ. ಮುಸ್ಸಂಜೆಯಾದರೆ ಮಾತನ್ನೂ ನಿಲ್ಲಿಸಿಬಿಡಿ.

ಹೇಳಿದ ಮಾತನ್ನೆಲ್ಲ ಯಂತ್ರ ಕಿವಿಗೆ ಮುಟ್ಟಿಸುತ್ತದೆ ಎಂಬುದೂ ಲಕ್ಷ್ಯದಲ್ಲಿರಲಿ. ಯಂತ್ರ ಹಾಕಿಕೊಂಡ ಮೇಲೆ ಮನೆಯಾಕೆಯ ಯಾವ ಮಾತನ್ನೂ "ಕೇಳಿಸಲಿಲ್ಲ" ಎನ್ನುವಂತಿಲ್ಲ ಎಂದು ಸದಸ್ಯರೊಬ್ಬರು ದುಃಖ ತೋಡಿಕೊಂಡರು. ಅವರ ಮನೆಯವರನ್ನು ಕೇಳಿದರೆ, ಇಪ್ಪತ್ತು ವರ್ಷ ಹಿಂದೆ ಕೂತು ಹೆದರಿಕೊಂಡೇ ಹೋಗುತ್ತಿದ್ದೆ, ಈಗ ನಿಧಾನ ಅಂದರೆ ನಿಧಾನ ಆಗುತ್ತದೆ ಎಂದರು.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಂಟರ್‌ಕಾಂ ಬೇಡ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅಳತೆಯ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, 40 ಕಿ.ಮೀ. ಮೀರದ ವೇಗ ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ, ಅದನ್ನು ಪಾಲಿಸಿದರೆ ಸಾಕು.

ಕೊಂಡಾಗ ಬಿಲ್ಲನ್ನು ಕೇಳಿ ಪಡೆಯಿರಿ, ವಾರಂಟಿ ಚೀಟಿಯ ಮೇಲೆ ಅಂಗಡಿಯ ಮೊಹರು ಮತ್ತು ತಾರೀಕು ಹಾಕಿಸಿ. ಎರಡೂ ಯಂತ್ರಗಳ ಕ್ರಮಸಂಖ್ಯೆ ಬಿಲ್ಲಿನಲ್ಲಿ ಬರೆದಿರಲಿ, ಒಂದೇ ಕೆಟ್ಟಾಗ ಅದು ಬೇಕಾಗುತ್ತದೆ. ಮೈಕಿನ ಸ್ಪಂಜು, ಅಂಟಿಸುವ ಪಟ್ಟಿ ಇವು ಬಿಡಿಯಾಗಿ ಸಿಗುತ್ತವೆಯೇ ಎಂದು ಆಗಲೇ ಕೇಳಿ, ಸಿಗುವುದಾದರೆ ಒಂದೊಂದು ಜೊತೆ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಹೆಲ್ಮೆಟ್ಟಿಗೆ ಕೂರಿಸಲು ತಿಳಿಯದವರು ಎರಡೂ ಹೆಲ್ಮೆಟ್ಟುಗಳೊಡನೆ ಸಂತೆಯ ದಿನ ಮಧ್ಯಾಹ್ನದ ಮೇಲೆ ಸಂಘದ ಕಚೇರಿಗೆ ಬಂದರೆ ತೋರಿಸಿಕೊಡಲಾಗುವುದು.